ಬಾಹ್ಯಾಕಾಶ ನೀತಿಯಲ್ಲಿ ನಮ್ಮ ಕಾಲೇಜಿನ ಪಾಲೆಷ್ಟು?

2025ರ ಏಪ್ರಿಲ್‌ ತಿಂಗಳ ಒಂದು ರವಿವಾರ. ಬಿಇ ಎರಡನೇ ವರ್ಷದಲ್ಲಿದ್ದೆ. ಅಮರಗೋಳದ ನಮ್ಮ ಮನೆಯ ಮಾಳಿಗೆ ಮೇಲೆ ಎರಡು ಅಲ್ಯೂಮಿನಿಯಂ ಕಡ್ಡಿಗಳನ್ನು ಇಂಗ್ಲಿಷಿನ 'ವಿ' ಅಕ್ಷರದಂತೆ ಕಟ್ಟಿ, ಒಂದು ಕೇಬಲ್‌ ಎಳೆದು ಲ್ಯಾಪ್‌ಟಾಪಿಗೆ ಜೋಡಿಸುತ್ತಿದ್ದೆ. ಒಂದೊಂದು ಕಡ್ಡಿ ಸುಮಾರು 53 ಸೆಂಟಿಮೀಟರ್. ನಡುವೆ 120 ಡಿಗ್ರಿ ಕೋನ. ಲ್ಯಾಪ್‌ಟಾಪಿನಲ್ಲಿ ಪೆನ್‌ಡ್ರೈವ್‌ನಷ್ಟು ದೊಡ್ಡ ರೇಡಿಯೊ ಡಾಂಗಲ್. ಇಷ್ಟೇ ಸಲಕರಣೆ. ಸುಮಾರು 850 ಕಿಲೋಮೀಟರ್ ಎತ್ತರದಲ್ಲಿ ಹಾದುಹೋಗುವ ನೋವಾ-19 ಎಂಬ ಅಮೆರಿಕದ ಹವಾಮಾನ ಉಪಗ್ರಹದ ಸಂಕೇತ ಹಿಡಿಯುವುದು ನನ್ನ ಉದ್ದೇಶ.

ಅಪ್ಪ ಮೇಲೆ ಬಂದರು. ಅವರು ಅಮರಗೋಳದ ಎಪಿಎಂಸಿ ಯಾರ್ಡಿನಲ್ಲಿ ಹಮಾಲರು. ರವಿವಾರ ಮಾತ್ರ ಮನೆಯಲ್ಲಿ ಇರುತ್ತಾರೆ.

'ಏನವಾ ಇದು, ಟಿವಿ ಆಂಟೆನಾ ಹಾಕಾಕತ್ತೀಯೇನು?'

'ಅಲ್ಲಪ್ಪಾ, ಉಪಗ್ರಹದ ದನಿ ಕೇಳಾಕತ್ತೇನಿ.'

ಹೇಳುತ್ತಿದ್ದಂತೆ ಲ್ಯಾಪ್‌ಟಾಪಿನಿಂದ ಟಿಕ್ ಟಿಕ್ ಸದ್ದು ಶುರುವಾಯಿತು. ಹತ್ತು ಹನ್ನೆರಡು ನಿಮಿಷದಲ್ಲಿ ಪರದೆಯ ಮೇಲೆ ಒಂದೊಂದೇ ಗೆರೆ ಇಳಿದು, ಅರಬ್ಬಿ ಸಮುದ್ರದ ಅಂಚು, ಅದರ ಮೇಲೆ ಬಿಳಿ ಮೋಡ ಮಸುಕಾಗಿ ಮೂಡಿದವು. ನಾನು ಕುಣಿದಾಡಿದೆ. ಅಪ್ಪ ಬಗ್ಗಿ ನೋಡಿ ಕೇಳಿದ್ದು ಒಂದೇ: 'ನಾಳಿಗೆ ಮಳಿ ಬರತೈತೇನು ಹೇಳ. ಯಾರ್ಡಿನ್ಯಾಗ ಮೆಣಸಿನಕಾಯಿ ಹರವ್ಯಾರ.' ಆಮೇಲೆ ಇನ್ನೊಂದು ಪ್ರಶ್ನೆ ಹಾಕಿದರು: 'ಇದು ನಮ್ಮ ದೇಶದ್ದೇನು?' ಅಮೆರಿಕದ್ದು ಎಂದೆ. 'ಅಲ್ಲಾ, ಬೆಂಗಳೂರಾಗ ಅಷ್ಟ ದೊಡ್ಡ ಇಸ್ರೋ ಐತಿ ಅಂತೀರಿ. ಹುಬ್ಬಳ್ಳಿ ಹುಡುಗಿ ಅಮೆರಿಕಾದ್ದ ಕೇಳಬೇಕೇನು?'

ಅಪ್ಪನ ಮೊದಲ ಪ್ರಶ್ನೆಗೆ ನನ್ನ ಮಸುಕು ಚಿತ್ರದಲ್ಲಿ ಉತ್ತರವಿರಲಿಲ್ಲ. ಎರಡನೆಯದಕ್ಕೆ ಅರ್ಧ ಉತ್ತರ ಗೊತ್ತಿತ್ತು. ನಮ್ಮದೇ ಇನ್ಸಾಟ್ ಹವಾಮಾನ ಉಪಗ್ರಹಗಳಿವೆ. 2024ರ ಫೆಬ್ರುವರಿಯಲ್ಲಿ ಇನ್ಸಾಟ್-3ಡಿಎಸ್ ಮೇಲೇರಿದೆ. ಇಂಥ ಭೂಸ್ಥಿರ ಉಪಗ್ರಹಗಳನ್ನು ನಿಯಂತ್ರಿಸುವ ಕೇಂದ್ರ ನಮ್ಮ ಹಾಸನದಲ್ಲೇ ಇದೆ. ಆದರೆ ಅಪ್ಪ ಕೇಳಿದ್ದು ಉಪಗ್ರಹ ಇದೆಯೇ ಎಂದಲ್ಲ, ಅದರಲ್ಲಿ ನಿನ್ನ ಪಾಲು ಎಷ್ಟು ಎಂದು. ಆ ಪ್ರಶ್ನೆ ಹಿಡಿದು ಒಂದು ವರ್ಷದಿಂದ ಓದುತ್ತಿದ್ದೇನೆ. ಓದಿದ್ದನ್ನು ನನ್ನಂಥ ವಿದ್ಯಾರ್ಥಿಗಳ, ಕೆಲಸ ಹುಡುಕುತ್ತಿರುವವರ ಮುಂದೆ ಇಡುತ್ತಿದ್ದೇನೆ.

ಶೆಡ್‌ನಲ್ಲಿ ಹುಟ್ಟಿದ ಉಪಗ್ರಹ

ನಮ್ಮ ಕಾಲೇಜುಗಳಲ್ಲಿ ಬಾಹ್ಯಾಕಾಶ ಎಂದರೆ ಇಸ್ರೋ, ಇಸ್ರೋ ಎಂದರೆ ಒಂದು ಕಠಿಣ ಪರೀಕ್ಷೆ ಎಂಬ ಭಾವನೆ ಇದೆ. ಸರ್ಕಾರ ಒಂದು ಕಡೆ, ಸೇನೆ ಒಂದು ಕಡೆ, ಕಂಪನಿಗಳು ಮತ್ತೊಂದು ಕಡೆ. ನಾವೋ, ಟಿವಿ ಮುಂದೆ ಕುಳಿತು ಉಡಾವಣೆಗೆ ಚಪ್ಪಾಳೆ ತಟ್ಟುವವರು. ಆದರೆ ಕರ್ನಾಟಕದ ಬಾಹ್ಯಾಕಾಶದ ಕಥೆ ಶುರುವಾದ ರೀತಿಯೇ ಬೇರೆ.

1972ರಲ್ಲಿ ಬಾಹ್ಯಾಕಾಶ ಆಯೋಗ ಮತ್ತು ಬಾಹ್ಯಾಕಾಶ ಇಲಾಖೆ ರಚನೆಯಾದವು. ಅದೇ ವರ್ಷ ಇಸ್ರೋ ಹೊಣೆ ಹೊತ್ತವರು ಸತೀಶ್ ಧವನ್. ಆಗ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರು. ಇಸ್ರೋಗೆ ಬಂದ ಮೇಲೂ ಅವರು ಆ ಹುದ್ದೆ ಬಿಡಲಿಲ್ಲ. 1981ರವರೆಗೆ ಎರಡನ್ನೂ ನಡೆಸಿದರು. ಅಂದರೆ ದೇಶದ ಬಾಹ್ಯಾಕಾಶ ಸಂಸ್ಥೆಯ ಮುಖ್ಯಸ್ಥರು ಅದೇ ಕಾಲಕ್ಕೆ ಒಂದು ಶಿಕ್ಷಣ ಸಂಸ್ಥೆಯ ಮುಖ್ಯಸ್ಥರೂ ಆಗಿದ್ದರು. ಸರ್ಕಾರ ಮತ್ತು ಶಿಕ್ಷಣ ಸಂಸ್ಥೆಯ ಸಹಕಾರಕ್ಕೆ ಒಡಂಬಡಿಕೆಯ ಕಾಗದ ಬೇಕಾಗಿರಲಿಲ್ಲ. ಒಬ್ಬರೇ ವ್ಯಕ್ತಿ ಎರಡೂ ಕಡೆಯ ಕಷ್ಟ ಬಲ್ಲವರಾಗಿದ್ದರು.

ನಮ್ಮ ಮೊದಲ ಉಪಗ್ರಹ ಆರ್ಯಭಟ ಸಿದ್ಧವಾದದ್ದು ಬೆಂಗಳೂರಿನ ಪೀಣ್ಯದ ಕೈಗಾರಿಕಾ ಶೆಡ್‌ಗಳಲ್ಲಿ. ಅದರ ನೇತೃತ್ವ ವಹಿಸಿದ್ದ ಯು.ಆರ್. ರಾವ್ ಉಡುಪಿ ಬಳಿಯ ಅದಮಾರಿನವರು. ಅವರ ತಂಡದ ಬಹುತೇಕರು ಅದುವರೆಗೆ ಉಪಗ್ರಹವನ್ನು ಕಣ್ಣಿನಿಂದ ಕಂಡಿರದ ಯುವ ಇಂಜಿನಿಯರುಗಳು. ಸುಮಾರು 360 ಕಿಲೋ ತೂಕದ ಆರ್ಯಭಟ 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ ಏರಿ ಹೋಯಿತು. ಅದರ ಸಂಕೇತ ಸ್ವೀಕರಿಸಲು ಬೆಂಗಳೂರಿನಲ್ಲಿ ಶೌಚಾಲಯವೊಂದನ್ನೇ ದತ್ತಾಂಶ ಕೇಂದ್ರವಾಗಿ ಮಾರ್ಪಡಿಸಿದ್ದನ್ನು ರಾವ್ ನಗುತ್ತಾ ನೆನಪಿಸಿಕೊಳ್ಳುತ್ತಿದ್ದರಂತೆ. ನಮ್ಮ ಲ್ಯಾಬ್‌ನಲ್ಲಿ ಆಸಿಲೋಸ್ಕೋಪ್ ಕೆಟ್ಟಿದೆ ಎಂದು ಕೈಕಟ್ಟಿ ಕೂರುವಾಗಲೆಲ್ಲ ನನಗೆ ಈ ಸಂಗತಿ ನೆನಪಾಗಿ ಸ್ವಲ್ಪ ನಾಚಿಕೆಯಾಗುತ್ತದೆ.

ಆದರೆ ಆಮೇಲಿನ ದಶಕಗಳಲ್ಲಿ ಕೆಲಸ ಬೆಳೆದಂತೆ ಬಾಗಿಲುಗಳು ಕಿರಿದಾದವು. ವಿನ್ಯಾಸ, ಜೋಡಣೆ, ಉಡಾವಣೆ, ನಿರ್ವಹಣೆ ಎಲ್ಲವೂ ಇಸ್ರೋ ಹೆಗಲಿಗೆ ಬಂತು. ಖಾಸಗಿ ಕಾರ್ಖಾನೆಗಳು ಇಸ್ರೋ ಕೊಟ್ಟ ನಕ್ಷೆಯಂತೆ ಬಿಡಿಭಾಗ ಮಾಡಿಕೊಡುವ ಗುತ್ತಿಗೆದಾರರಾದವು. ಕಾಲೇಜುಗಳಿಗೆ ಉಳಿದದ್ದು ಸಂಶೋಧನಾ ಅನುದಾನದ ಅರ್ಜಿ, ವಿಜ್ಞಾನ ದಿನಾಚರಣೆ, ಕೈಗಾರಿಕಾ ಪ್ರವಾಸ.

ಬಾಗಿಲು ತೆರೆದ ನೀತಿ

2020ರ ಜೂನ್‌ನಲ್ಲಿ ಕೇಂದ್ರ ಸಚಿವ ಸಂಪುಟ 'ಇನ್‌-ಸ್ಪೇಸ್' ಎಂಬ ಸಂಸ್ಥೆಯ ಸ್ಥಾಪನೆಗೆ ಒಪ್ಪಿಗೆ ನೀಡಿತು. ಖಾಸಗಿಯವರು ಉಪಗ್ರಹ ಅಥವಾ ರಾಕೆಟ್ ಮಾಡಲು ಬಯಸಿದರೆ ಅನುಮತಿ ಕೊಡುವುದು, ಇಸ್ರೋದ ಪರೀಕ್ಷಾ ಸೌಲಭ್ಯಗಳನ್ನು ಬಳಸಲು ದಾರಿ ಮಾಡುವುದು ಅದರ ಕೆಲಸ. ಅದರ ಮೊದಲ ಅಧ್ಯಕ್ಷರಾಗಿ ಬಂದ ಪವನ್ ಗೋಯೆಂಕಾ ವಾಹನ ತಯಾರಿಕಾ ಉದ್ಯಮದಿಂದ ಬಂದವರು. 2021ರ ಅಕ್ಟೋಬರ್‌ನಲ್ಲಿ ಶುರುವಾದ, ಕಂಪನಿಗಳ ಒಕ್ಕೂಟವಾದ ಭಾರತೀಯ ಬಾಹ್ಯಾಕಾಶ ಸಂಘದ ಮಹಾನಿರ್ದೇಶಕರಾದವರು ಸೇನೆಯ ನಿವೃತ್ತ ಲೆಫ್ಟಿನೆಂಟ್ ಜನರಲ್ ಎ.ಕೆ. ಭಟ್. ಸರ್ಕಾರಿ ಸಂಸ್ಥೆಯ ಅಧ್ಯಕ್ಷತೆಗೆ ಉದ್ಯಮದವರು, ಉದ್ಯಮದ ಒಕ್ಕೂಟಕ್ಕೆ ಸೇನೆಯವರು! ಗೋಡೆಗಳು ಕರಗುತ್ತಿರುವುದಕ್ಕೆ ಇದೇ ಗುರುತು.

ಇದೆಲ್ಲಕ್ಕೆ ಚೌಕಟ್ಟು ಸಿಕ್ಕಿದ್ದು 2023ರ ಏಪ್ರಿಲ್‌ನಲ್ಲಿ ಬಂದ ಭಾರತೀಯ ಬಾಹ್ಯಾಕಾಶ ನೀತಿಯಿಂದ. ಅದು ದಪ್ಪ ಪುಸ್ತಕವಲ್ಲ, ಒಂದು ಸಂಜೆಯಲ್ಲಿ ಓದಿ ಮುಗಿಸಬಹುದು. ಅದರ ಮುಖ್ಯ ಮಾತು ಕೆಲಸ ಹಂಚಿಕೆ. ಇಸ್ರೋ ಇನ್ನು ಮುಂದೆ ಹೊಸ ತಂತ್ರಜ್ಞಾನ, ಸಂಶೋಧನೆ, ದೂರದ ಗ್ರಹಗಳ ಕೆಲಸಕ್ಕೆ ಹೆಚ್ಚು ಗಮನ ಕೊಡಬೇಕು. ಈಗಾಗಲೇ ಕೈಗೆ ಹತ್ತಿರುವ ತಯಾರಿಕೆಯನ್ನು ಉದ್ಯಮಕ್ಕೆ ಬಿಡಬೇಕು. ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಇರುವ ನ್ಯೂಸ್ಪೇಸ್ ಇಂಡಿಯಾ ಲಿಮಿಟೆಡ್ ವಾಣಿಜ್ಯ ವ್ಯವಹಾರ ನೋಡಿಕೊಳ್ಳಬೇಕು. ಇನ್‌-ಸ್ಪೇಸ್ ಎಲ್ಲರಿಗೂ ಅನುಮತಿಯ ಒಂದೇ ಕಿಟಕಿಯಾಗಬೇಕು. ಜೊತೆಗೆ ಉದ್ಯಮ ಮತ್ತು ಶಿಕ್ಷಣ ಸಂಸ್ಥೆಗಳ ನಡುವೆ ನಂಟು ಬೆಳೆಸಬೇಕು.

ಇದು ಬರೀ ಕಾಗದದ ಮೇಲೆ ಉಳಿದಿಲ್ಲ. ಐದು ಪಿಎಸ್‌ಎಲ್‌ವಿ ರಾಕೆಟ್‌ಗಳನ್ನು ತಯಾರಿಸುವ ಗುತ್ತಿಗೆಯನ್ನು 2022ರಲ್ಲೇ ಬೆಂಗಳೂರಿನ ಎಚ್‌ಎಎಲ್ ಮತ್ತು ಎಲ್‌ ಅಂಡ್ ಟಿ ಕೂಟ ಪಡೆದಿತ್ತು. 2025ರ ಜೂನ್‌ನಲ್ಲಿ ಸಣ್ಣ ರಾಕೆಟ್ ಎಸ್‌ಎಸ್‌ಎಲ್‌ವಿಯ ತಂತ್ರಜ್ಞಾನ ಪಡೆಯುವ ಬಿಡ್ಡನ್ನೂ ಎಚ್‌ಎಎಲ್ ಗೆದ್ದಿತು. ನೀತಿಯ ಇನ್ನೊಂದು ಸಾಲು ನಮಗೆ, ಅಂದರೆ ವಿದ್ಯಾರ್ಥಿಗಳಿಗೆ, ನೇರವಾಗಿ ಸಂಬಂಧಿಸಿದ್ದು: 5 ಮೀಟರ್ ಮತ್ತು ಅದಕ್ಕಿಂತ ಒರಟಾದ ಸ್ಪಷ್ಟತೆಯ ದೂರಸಂವೇದಿ ಚಿತ್ರಗಳನ್ನು ಎಲ್ಲರಿಗೂ ಉಚಿತವಾಗಿ, ಮುಕ್ತವಾಗಿ ಒದಗಿಸಬೇಕು. ಕುಂದಗೋಳದ ಹತ್ತಿ ಹೊಲ, ನವಲಗುಂದದ ಕಡಲೆ ಹೊಲ, ಉಣಕಲ್ ಕೆರೆಯ ಜಲಕಳೆ ಇವನ್ನು ನೋಡಲು ಈ ಸ್ಪಷ್ಟತೆ ಬೇಕಾದಷ್ಟಾಯಿತು.

ಆದರೆ ಒಂದು ಎಚ್ಚರಿಕೆ ಬೇಕು. ನೀತಿ ಬೇರೆ, ಕಾಯ್ದೆ ಬೇರೆ. ಬಾಹ್ಯಾಕಾಶ ಚಟುವಟಿಕೆಗಳ ಮಸೂದೆಯ ಕರಡು 2017ರಲ್ಲೇ ಸಾರ್ವಜನಿಕರ ಅಭಿಪ್ರಾಯಕ್ಕೆ ಬಂದಿತ್ತು. ಅದು ಕಾಯ್ದೆಯಾಗುವುದು ಇನ್ನೂ ಬಾಕಿ. ಒಂದು ಖಾಸಗಿ ಉಪಗ್ರಹದಿಂದ ಹಾನಿಯಾದರೆ ಹೊಣೆ ಯಾರದು, ವಿಮೆ ಎಷ್ಟು, ವ್ಯಾಜ್ಯ ಎಲ್ಲಿ ತೀರಬೇಕು ಎಂಬ ಪ್ರಶ್ನೆಗಳಿಗೆ ಗಟ್ಟಿ ಉತ್ತರ ಕಾಯ್ದೆಯಿಂದಲೇ ಬರಬೇಕು. ನಮ್ಮ ಮನೆಗೆ ಹತ್ತಿರದ ನವನಗರದಲ್ಲೇ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯವಿದೆ. ಬಾಹ್ಯಾಕಾಶದ ಕೆಲಸ ಇಂಜಿನಿಯರುಗಳಿಗೆ ಮಾತ್ರ ಎಂದುಕೊಂಡಿರುವ ಕಾನೂನು ವಿದ್ಯಾರ್ಥಿಗಳು ಇದನ್ನು ಗಮನಿಸಲಿ.

ಸೇನೆಗೆ ಆಕಾಶದಲ್ಲಿ ಏನು ಕೆಲಸ?

ಗೆಳತಿಯರೊಂದಿಗೆ ಈ ವಿಷಯ ಮಾತಾಡುವಾಗ ಬರುವ ಮೊದಲ ಪ್ರಶ್ನೆ ಇದು. ವಿಜ್ಞಾನದಲ್ಲಿ ಸೇನೆ ಯಾಕೆ? ಉತ್ತರಕ್ಕೆ ಕಾರ್ಗಿಲ್‌ಗೆ ಹೋಗಬೇಕು. 1999ರ ಯುದ್ಧದ ನಂತರ ಕೆ. ಸುಬ್ರಹ್ಮಣ್ಯಂ ನೇತೃತ್ವದ ಪರಿಶೀಲನಾ ಸಮಿತಿ, ಗಡಿಯ ಮೇಲೆ ಕಣ್ಣಿಡಲು ನಮಗಿದ್ದ ಉಪಗ್ರಹ ಚಿತ್ರಗಳ ಕೊರತೆಯನ್ನು ಎತ್ತಿ ತೋರಿಸಿತು. 2001ರ ಅಕ್ಟೋಬರ್‌ನಲ್ಲಿ ಇಸ್ರೋ ಹಾರಿಸಿದ ಟಿಇಎಸ್ ಉಪಗ್ರಹ ಒಂದು ಮೀಟರ್ ಸ್ಪಷ್ಟತೆಯ ಚಿತ್ರ ತೆಗೆಯಬಲ್ಲದಾಗಿತ್ತು. 2013ರಲ್ಲಿ ನೌಕಾಪಡೆಯ ಸಂಪರ್ಕಕ್ಕೆಂದೇ ಜಿಸ್ಯಾಟ್-7 ಹೋಯಿತು.

2019 ಒಂದು ತಿರುವಿನ ವರ್ಷ. ಮಾರ್ಚ್ 27ರಂದು 'ಮಿಷನ್ ಶಕ್ತಿ' ಹೆಸರಿನಲ್ಲಿ ಡಿಆರ್‌ಡಿಒ, ಸುಮಾರು 300 ಕಿಲೋಮೀಟರ್ ಎತ್ತರದಲ್ಲಿದ್ದ ನಮ್ಮದೇ ಉಪಗ್ರಹವೊಂದನ್ನು ಕ್ಷಿಪಣಿಯಿಂದ ಹೊಡೆದುರುಳಿಸಿತು. ಅದೇ ವರ್ಷ ಮೂರೂ ಪಡೆಗಳಿಗೆ ಸೇರಿದ ರಕ್ಷಣಾ ಬಾಹ್ಯಾಕಾಶ ಸಂಸ್ಥೆ ರಚನೆಯಾಯಿತು. ಅದರ ಕೇಂದ್ರವೂ ಬೆಂಗಳೂರಿನಲ್ಲೇ ಇದೆ. 2024ರಲ್ಲಿ ಕೇಂದ್ರ ಒಪ್ಪಿಗೆ ಕೊಟ್ಟ ಕಣ್ಗಾವಲು ಉಪಗ್ರಹ ಯೋಜನೆಯ ಮೂರನೇ ಹಂತದಲ್ಲಿ 52 ಉಪಗ್ರಹಗಳಿವೆ. ಅವುಗಳಲ್ಲಿ 31 ಖಾಸಗಿ ಕಂಪನಿಗಳ ಕೈಯಲ್ಲಿ ತಯಾರಾಗಬೇಕು. ಸೇನೆಗೆ ಬೇಕಾದದ್ದನ್ನು ಇಷ್ಟು ದೊಡ್ಡ ಪ್ರಮಾಣದಲ್ಲಿ ಖಾಸಗಿಯವರು ಮಾಡಿಕೊಡುವುದು ಹತ್ತು ವರ್ಷದ ಹಿಂದೆ ಊಹೆಗೂ ನಿಲುಕುತ್ತಿರಲಿಲ್ಲ.

ಮಿಷನ್ ಶಕ್ತಿ ಇನ್ನೊಂದು ಪಾಠವನ್ನೂ ಕಲಿಸಿತು. ಉಪಗ್ರಹ ಒಡೆದರೆ ಚೂರುಗಳಾಗುತ್ತವೆ. ಕಡಿಮೆ ಎತ್ತರದಲ್ಲಿ ಪರೀಕ್ಷೆ ಮಾಡಿದ್ದರಿಂದ ಬಹುಪಾಲು ಚೂರುಗಳು ಕೆಲವೇ ತಿಂಗಳಲ್ಲಿ ವಾತಾವರಣಕ್ಕೆ ಇಳಿದು ಉರಿದುಹೋದವು. ಆದರೂ ಜಗತ್ತಿನ ಕೆಲವು ವಿಜ್ಞಾನಿಗಳು ಆಕ್ಷೇಪ ಎತ್ತಿದರು. ಆ ಚೂರುಗಳಿಗೆ ಇದು ಸೇನೆಯ ಉಪಗ್ರಹ, ಇದು ರೈತನ ಹವಾಮಾನ ಉಪಗ್ರಹ ಎಂಬ ಭೇದ ಗೊತ್ತಾಗುವುದಿಲ್ಲ. ಆಕಾಶದಲ್ಲಿ ಏನೇನು ಎಲ್ಲೆಲ್ಲಿ ಸುತ್ತುತ್ತಿದೆ ಎಂದು ಲೆಕ್ಕ ಇಡುವ ಕೆಲಸದಲ್ಲಿ ಸೇನೆ, ವಿಜ್ಞಾನಿ, ಕಂಪನಿ ಮೂವರ ಹಿತವೂ ಒಂದೇ. ಇದಕ್ಕಾಗಿಯೇ ಇಸ್ರೋ 2020ರ ಡಿಸೆಂಬರ್‌ನಲ್ಲಿ ಪೀಣ್ಯದಲ್ಲಿ 'ನೇತ್ರ' ಎಂಬ ನಿಯಂತ್ರಣ ಕೇಂದ್ರ ತೆರೆಯಿತು. ಆರ್ಯಭಟ ಹುಟ್ಟಿದ ಪೀಣ್ಯವೇ ಈಗ ಆಕಾಶದ ಕಾವಲುಗಾರ.

ಇದೇ ಕ್ಷೇತ್ರದಲ್ಲಿ ನಾಲ್ವರೂ ಕೂಡಿದ ಒಂದು ಉದಾಹರಣೆಯಿದೆ. ದಿಗಂತರ ಎಂಬ ನವೋದ್ಯಮವನ್ನು ಕಟ್ಟಿದವರು ಕಾಲೇಜಿನಲ್ಲಿ ಓದುತ್ತಿದ್ದ ಹುಡುಗರು. ಅದಕ್ಕೆ ನೆರಳು ಕೊಟ್ಟಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನವೋದ್ಯಮ ಪೋಷಣಾ ಕೇಂದ್ರ. ಅವರ ಉಪಕರಣಕ್ಕೆ ಅನುಮತಿ ಕೊಟ್ಟಿದ್ದು ಇನ್‌-ಸ್ಪೇಸ್. 2022ರ ಜೂನ್ 30ರಂದು ಅದನ್ನು ಮೇಲೆ ಒಯ್ದದ್ದು ಇಸ್ರೋದ ಪಿಎಸ್‌ಎಲ್‌ವಿ-ಸಿ53. ಅವರು ಅಳೆಯುವ ಮಾಹಿತಿ ವಿಜ್ಞಾನಿಗೂ ಬೇಕು, ಸೈನಿಕನಿಗೂ ಬೇಕು.

ಇನ್ನೊಂದು ಉದಾಹರಣೆ ಪಿಕ್ಸೆಲ್. ಅದರ ಸ್ಥಾಪಕರಲ್ಲಿ ಒಬ್ಬರಾದ ಅವೈಸ್ ಅಹ್ಮದ್ ಚಿಕ್ಕಮಗಳೂರು ಜಿಲ್ಲೆಯ ಆಲ್ದೂರಿನವರು. ಬಿಟ್ಸ್ ಪಿಲಾನಿಯಲ್ಲಿ ಓದುತ್ತಿದ್ದಾಗಲೇ, 2019ರಲ್ಲಿ, ಗೆಳೆಯ ಕ್ಷಿತಿಜ್ ಖಂಡೇಲ್ವಾಲ್ ಜೊತೆ ಕಂಪನಿ ಶುರುಮಾಡಿದರು. ಬೆಳೆಗೆ ರೋಗ ತಗುಲಿದ್ದನ್ನು, ಪೈಪಿನಿಂದ ಅನಿಲ ಸೋರುವುದನ್ನು ನೂರಾರು ಬಣ್ಣಪಟ್ಟಿಗಳಲ್ಲಿ ಗುರುತಿಸಬಲ್ಲ ಕ್ಯಾಮೆರಾ ಅವರ ಬಂಡವಾಳ. ರಕ್ಷಣಾ ಸಚಿವಾಲಯ 2022ರ ಅಕ್ಟೋಬರ್‌ನಲ್ಲಿ 'ಮಿಷನ್ ಡೆಫ್‌ಸ್ಪೇಸ್' ಹೆಸರಿನಲ್ಲಿ 75 ಸವಾಲುಗಳನ್ನು ಉದ್ಯಮದ ಮುಂದಿಟ್ಟಿತು. ಅದರಡಿ 2023ರಲ್ಲಿ ವಾಯುಪಡೆಗಾಗಿ ಸಣ್ಣ ಉಪಗ್ರಹ ರೂಪಿಸುವ ಅನುದಾನ ಪಿಕ್ಸೆಲ್‌ಗೆ ಸಿಕ್ಕಿತು. 2025ರ ಆಗಸ್ಟ್‌ನಲ್ಲಿ ಇನ್‌-ಸ್ಪೇಸ್, ದೇಶಕ್ಕಾಗಿ 12 ಭೂವೀಕ್ಷಣಾ ಉಪಗ್ರಹಗಳ ಸಮೂಹ ಕಟ್ಟಲು ಪಿಕ್ಸೆಲ್ ಮುಂದಾಳತ್ವದ ಕೂಟವನ್ನೇ ಆರಿಸಿತು. ಹೊಲದ ಬೆಳೆ ನೋಡುವ ಕಣ್ಣಿಗೆ ಗಡಿ ಕಾಯುವ ಕೆಲಸವೂ ಬಂತು.

ನನ್ನೊಳಗಿನ ಅನುಮಾನವನ್ನೂ ಹೇಳಬೇಕು. ಸೇನೆಯ ಹಣ ಬಂದರೆ ಗುಟ್ಟೂ ಬರುತ್ತದೆ. ಕಾಲೇಜು ನಡೆಯುವುದು ಪ್ರಬಂಧ ಪ್ರಕಟಿಸಿ, ತಪ್ಪನ್ನು ಬಹಿರಂಗವಾಗಿ ಚರ್ಚಿಸಿ. ನಾಳೆ ನಮ್ಮ ಪ್ರಾಜೆಕ್ಟಿಗೆ ರಕ್ಷಣಾ ಅನುದಾನ ಸಿಕ್ಕರೆ ಅದನ್ನು ನಾವು ಪ್ರಕಟಿಸಬಹುದೇ? ಕಿರಿಯರಿಗೆ ಕಲಿಸಬಹುದೇ? ಯಾವುದು ಮುಕ್ತ, ಯಾವುದು ಗೋಪ್ಯ ಎಂಬ ಗೆರೆಯನ್ನು ಕೆಲಸ ಶುರುವಾಗುವ ಮುನ್ನವೇ ಎಳೆಯಬೇಕು. ಇಲ್ಲದಿದ್ದರೆ ಸಹಕಾರ ಹೋಗಿ ಕೂಲಿ ಆಗುತ್ತದೆ. ಈ ಮಾತನ್ನು ಕೇಳುವುದು ದೇಶಪ್ರೇಮಕ್ಕೆ ವಿರುದ್ಧವಲ್ಲ, ಒಳ್ಳೆಯ ನೀತಿಗೆ ಬೇಕಾದ ಪ್ರಶ್ನೆ.

ನಾಲ್ಕನೇ ಎತ್ತು

ನಮ್ಮ ಅಜ್ಜ ಹೇಳುತ್ತಿದ್ದರು, ಎರಿ ಭೂಮಿಯ ಆಳ ಉಳುಮೆಗೆ ಒಂದು ಜೋಡಿ ಸಾಲದು, ನಾಲ್ಕೆತ್ತಿನ ರಂಟೆ ಬೇಕು ಎಂದು. ನಾಲ್ಕರಲ್ಲಿ ಒಂದು ಬಡಕಲಾದರೂ ಸಾಲು ಸೊಟ್ಟಗಾಗುತ್ತದೆ. ಬಾಹ್ಯಾಕಾಶದ ರಂಟೆಗೆ ಸರ್ಕಾರ, ಸೇನೆ, ಉದ್ಯಮ ಎಂಬ ಮೂರು ಎತ್ತು ಬಲವಾಗಿವೆ. ನಾಲ್ಕನೆಯದು ನಾವು, ಕಾಲೇಜುಗಳು. ಈ ಎತ್ತು ಇನ್ನೂ ಕೊಟ್ಟಿಗೆಯಲ್ಲೇ ಇದೆ ಎಂಬುದು ನನ್ನ ಅಳಲು.

ಹಾಗೆಂದು ಯಾರೂ ದಾರಿ ತೋರಿಸಿಲ್ಲ ಎಂದಲ್ಲ. 2010ರ ಜುಲೈ 12ರಂದು ಪಿಎಸ್‌ಎಲ್‌ವಿ-ಸಿ15ರಲ್ಲಿ ಸ್ಟಡ್‌ಸ್ಯಾಟ್ ಎಂಬ ಪುಟ್ಟ ಉಪಗ್ರಹ ಹೋಯಿತು. ತೂಕ ಒಂದು ಕಿಲೋಗಿಂತ ಕಡಿಮೆ. ಬೆಂಗಳೂರು ಮತ್ತು ಹೈದರಾಬಾದಿನ ಏಳು ಇಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ಸೇರಿ ಕಟ್ಟಿದ್ದು. ಮುಂದಾಳು ಬೆಂಗಳೂರಿನ ನಿಟ್ಟೆ ಮೀನಾಕ್ಷಿ ತಾಂತ್ರಿಕ ಸಂಸ್ಥೆ. ಒಂದು ಕಾಲೇಜಿಗೆ ಆಗದ್ದನ್ನು ಏಳು ಕಾಲೇಜು ಕೂಡಿ ಮಾಡಿದವು. 2016ರ ಸೆಪ್ಟೆಂಬರ್‌ನಲ್ಲಿ ಪಿಇಎಸ್ ವಿಶ್ವವಿದ್ಯಾಲಯದ ಪಿಸ್ಯಾಟ್ ಮೇಲೇರಿತು.

ನನಗೆ ಎಲ್ಲಕ್ಕಿಂತ ಹೆಚ್ಚು ಧೈರ್ಯ ಕೊಟ್ಟದ್ದು 2024ರ ಡಿಸೆಂಬರ್ 30ರ ಉಡಾವಣೆ. ಪಿಎಸ್‌ಎಲ್‌ವಿ ತನ್ನ ಕೆಲಸ ಮುಗಿಸಿದ ಮೇಲೆ ಅದರ ನಾಲ್ಕನೇ ಹಂತ ಖಾಲಿ ಡಬ್ಬಿಯಂತೆ ಕಕ್ಷೆಯಲ್ಲಿ ಉಳಿಯುತ್ತದೆ. ಅದನ್ನೇ ಪ್ರಯೋಗಶಾಲೆಯಾಗಿ ಬಳಸುವ ಜಾಣ ಉಪಾಯಕ್ಕೆ ಇಸ್ರೋ 'ಪೊಯೆಮ್' ಎಂದು ಹೆಸರಿಟ್ಟಿದೆ. ಆ ದಿನದ ಪೊಯೆಮ್-4ರಲ್ಲಿ 24 ಉಪಕರಣಗಳಿದ್ದವು. ಅದರಲ್ಲಿ 10 ಖಾಸಗಿ ಕಂಪನಿ ಮತ್ತು ಶಿಕ್ಷಣ ಸಂಸ್ಥೆಗಳದ್ದು. ಬೆಂಗಳೂರಿನ ಆರ್‌.ವಿ. ಕಾಲೇಜಿನ ವಿದ್ಯಾರ್ಥಿಗಳ ಸೂಕ್ಷ್ಮಜೀವಿ ಪ್ರಯೋಗ ಒಂದು. ಇನ್ನೊಂದು ಚಿಕ್ಕಬಳ್ಳಾಪುರದ ಎಸ್‌ಜೆಸಿ ತಾಂತ್ರಿಕ ಸಂಸ್ಥೆಯ ಹವ್ಯಾಸಿ ರೇಡಿಯೊ ಉಪಕರಣ. ಚಿಕ್ಕಬಳ್ಳಾಪುರದಿಂದ ಆಗುವುದಾದರೆ ಹುಬ್ಬಳ್ಳಿಯಿಂದ, ಗದಗದಿಂದ, ಬಾಗಲಕೋಟೆಯಿಂದ ಯಾಕಾಗಬಾರದು? ಪೂರ್ತಿ ಉಪಗ್ರಹ ಕಟ್ಟುವ ಖರ್ಚಿಲ್ಲ. ವಿದ್ಯುತ್, ದಿಕ್ಕು, ಸಂಪರ್ಕ ಎಲ್ಲವನ್ನೂ ಇಸ್ರೋ ವೇದಿಕೆಯೇ ಕೊಡುತ್ತದೆ. ನಮ್ಮದು ಒಂದು ಪೆಟ್ಟಿಗೆ, ಒಂದು ಒಳ್ಳೆಯ ಪ್ರಶ್ನೆ.

ನಮ್ಮಲ್ಲಿ ಏನು ಕಡಿಮೆ? ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯವಾಗಿ ಬೆಳೆದಿರುವ, 1947ರಷ್ಟು ಹಳೆಯ ಬಿವಿಬಿ ಕಾಲೇಜು ಹುಬ್ಬಳ್ಳಿಯಲ್ಲಿದೆ. ಧಾರವಾಡದಲ್ಲಿ ಎಸ್‌ಡಿಎಂ ಇಂಜಿನಿಯರಿಂಗ್ ಕಾಲೇಜಿದೆ, ಐಐಟಿ ಇದೆ, ಕೃಷಿ ವಿಶ್ವವಿದ್ಯಾಲಯವಿದೆ, ಕರ್ನಾಟಕ ವಿಶ್ವವಿದ್ಯಾಲಯವಿದೆ. ಚಿಗರಿ ಬಸ್ಸು ಹತ್ತಿದರೆ ಒಂದು ತಾಸಿನೊಳಗೆ ಒಂದೂರಿನಿಂದ ಇನ್ನೊಂದೂರಿಗೆ ಹೋಗಬಹುದು. ನಮ್ಮ ಅಮರಗೋಳ ಆ ದಾರಿಯ ನಡುವೆಯೇ ಇದೆ. ಇಷ್ಟು ಹತ್ತಿರವಿದ್ದೂ ಒಂದು ಕಾಲೇಜಿನ ಲ್ಯಾಬ್‌ನಲ್ಲಿ ಏನಿದೆ ಎಂದು ಇನ್ನೊಂದು ಕಾಲೇಜಿನ ನನಗೆ ಗೊತ್ತಿರಲಿಲ್ಲ. ಅಂತರಕಾಲೇಜು ಎಂದರೆ ನಮಗೆ ಗೊತ್ತಿರುವುದು ಕ್ರಿಕೆಟ್ ಮತ್ತು ಡಾನ್ಸ್ ಮಾತ್ರ.

ನನ್ನ ತಪ್ಪನ್ನೂ ಒಪ್ಪಿಕೊಳ್ಳುತ್ತೇನೆ. 2024ರ ನವೆಂಬರ್‌ನಲ್ಲಿ ಬೆಂಗಳೂರು ಟೆಕ್ ಶೃಂಗಸಭೆಯಲ್ಲಿ ಕರ್ನಾಟಕ ಸರ್ಕಾರ ತನ್ನದೇ ಬಾಹ್ಯಾಕಾಶ ತಂತ್ರಜ್ಞಾನ ನೀತಿಯ ಕರಡು ಬಿಡುಗಡೆ ಮಾಡಿತ್ತು. ದೇಶದ ಬಾಹ್ಯಾಕಾಶ ಮಾರುಕಟ್ಟೆಯಲ್ಲಿ ಅರ್ಧ ಪಾಲು ಕರ್ನಾಟಕದ್ದಾಗಬೇಕು, 50,000 ವಿದ್ಯಾರ್ಥಿಗಳು ಮತ್ತು ಯುವ ವೃತ್ತಿಪರರಿಗೆ ತರಬೇತಿ ಕೊಡಬೇಕು ಎಂಬ ಗುರಿ ಅದರಲ್ಲಿತ್ತು. ಆ 50,000ದಲ್ಲಿ ನಾನೂ ಒಬ್ಬಳಾಗಬಹುದಿತ್ತು. ಆದರೆ ಕರಡು ಬಂದ ವಾರ ನಾನು ಏನು ಮಾಡುತ್ತಿದ್ದೆ? ರೀಲ್ಸ್ ನೋಡುತ್ತಿದ್ದೆ. ಸುದ್ದಿ ತಿಳಿದದ್ದೇ ತಿಂಗಳುಗಳ ನಂತರ. ಬೆಂಗಳೂರಿನಾಚೆ ಎಷ್ಟು ತರಬೇತಿ ಕೇಂದ್ರ, ಎಷ್ಟು ಲ್ಯಾಬ್ ಎಂದು ಆಗ ಯಾರಾದರೂ ಕೇಳಬೇಕಿತ್ತು. ನೀತಿಯನ್ನು ದೊಡ್ಡವರು ಮಾಡುತ್ತಾರೆ ಎಂದು ಸುಮ್ಮನಿದ್ದರೆ, ಆಮೇಲೆ ನಮಗೇನೂ ಸಿಗಲಿಲ್ಲ ಎಂದು ಗೊಣಗುವ ಹಕ್ಕು ನಮಗೆಲ್ಲಿದೆ?

ಕೇಳಬೇಕಾದದ್ದು, ಮಾಡಬೇಕಾದದ್ದು

ನನ್ನ ಮನವಿಗಳು ಮೂರು. ಒಂದು, ಹುಬ್ಬಳ್ಳಿ-ಧಾರವಾಡದ ಎಲ್ಲ ಕಾಲೇಜುಗಳು ಬಳಸಬಹುದಾದ, ಉಪಗ್ರಹ ಸಂಕೇತ ಸ್ವೀಕರಿಸುವ ಒಂದು ಹಂಚಿಕೆಯ ನೆಲಕೇಂದ್ರ ಬೇಕು. ಎರಡು, ರಕ್ಷಣಾ ಸಚಿವಾಲಯವಾಗಲಿ ಕಂಪನಿಗಳಾಗಲಿ ತಮ್ಮ ಸವಾಲುಗಳಲ್ಲಿ ಗೋಪ್ಯವಲ್ಲದ ಕೆಲವನ್ನು ಅಂತಿಮ ವರ್ಷದ ಪ್ರಾಜೆಕ್ಟ್‌ಗಳಾಗಿ ಜಿಲ್ಲಾ ಕೇಂದ್ರಗಳ ಕಾಲೇಜುಗಳಿಗೂ ಕೊಡಬೇಕು. ಈಗ ನಾವು ಹಿರಿಯರ ಹಳೆಯ ವರದಿಯನ್ನೇ ತಿರುಗಿಸಿ ಬರೆಯುವುದುಂಟು. ಮೂರು, ದಕ್ಷಿಣ ರಾಜ್ಯಗಳಿಗಾಗಿ ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಇಸ್ರೋದ ಪ್ರಾದೇಶಿಕ ಶೈಕ್ಷಣಿಕ ಕೇಂದ್ರವಿದೆ. ಅಂಥ ಕೇಂದ್ರದ ಒಂದು ಕೈ ಉತ್ತರ ಕರ್ನಾಟಕಕ್ಕೂ ಚಾಚಬೇಕು.

ಅದು ಬರುವವರೆಗೆ ಕಾಯುತ್ತ ಕೂರುವುದೂ ಬೇಡ. ಕೆಲಸ ಹುಡುಕುತ್ತಿರುವ ಗೆಳೆಯ ಗೆಳತಿಯರಿಗೆ ನಾನು ಕಂಡುಕೊಂಡ ಕೆಲವು ದಾರಿಗಳು ಇಲ್ಲಿವೆ. ಇಸ್ರೋದ ವಿಜ್ಞಾನಿ/ಇಂಜಿನಿಯರ್ ಹುದ್ದೆಗೆ ಬಿಇಯಲ್ಲಿ ಶೇ 65 ಅಂಕ ಅಥವಾ 6.84 ಸಿಜಿಪಿಎ ಕೇಳುತ್ತಾರೆ. ಅದನ್ನು ಮೊದಲ ಸೆಮಿಸ್ಟರ್‌ನಿಂದಲೇ ಕಾಪಾಡಿಕೊಳ್ಳಿ. ಡಿಆರ್‌ಡಿಒ ವಿಜ್ಞಾನಿ ಹುದ್ದೆಗೆ ಗೇಟ್ ಅಂಕ ಬೇಕು. ಡೆಹ್ರಾಡೂನ್‌ನ ಭಾರತೀಯ ದೂರಸಂವೇದಿ ಸಂಸ್ಥೆ ಆನ್‌ಲೈನ್‌ನಲ್ಲಿ ಉಚಿತ ಕೋರ್ಸುಗಳನ್ನು ನಡೆಸುತ್ತದೆ, ಪ್ರಮಾಣಪತ್ರವನ್ನೂ ಕೊಡುತ್ತದೆ. ಕೃಷಿ, ಭೂಗೋಳ, ಸಿವಿಲ್ ವಿದ್ಯಾರ್ಥಿಗಳಿಗೂ ಇದು ಉಪಯುಕ್ತ. ತಂಪುಪಾನೀಯದ ಡಬ್ಬಿಯ ಗಾತ್ರದಲ್ಲಿ ಉಪಗ್ರಹದ ಮಾದರಿ ಕಟ್ಟುವ ಕ್ಯಾನ್‌ಸ್ಯಾಟ್ ಸ್ಪರ್ಧೆಯನ್ನು ಇನ್‌-ಸ್ಪೇಸ್ ವಿದ್ಯಾರ್ಥಿಗಳಿಗೆಂದೇ ನಡೆಸಿದೆ. ಹವ್ಯಾಸಿ ರೇಡಿಯೊ ಪರವಾನಗಿ ಪರೀಕ್ಷೆ ಬರೆಯಿರಿ. ಉದ್ಯೋಗದ ಅರ್ಜಿಯಲ್ಲಿ ಹತ್ತು ಸಾಫ್ಟ್‌ವೇರ್ ಹೆಸರು ಬರೆಯುವುದಕ್ಕಿಂತ, ಕೈಯಿಂದ ಮಾಡಿದ ಒಂದು ವಸ್ತುವನ್ನು ತೋರಿಸುವುದು ಮೇಲು.

ಕಂಪನಿಗಳ ಬಾಗಿಲನ್ನೂ ತಟ್ಟಿ. ಕಳೆದ ರಜೆಯಲ್ಲಿ ಇಂಟರ್ನ್‌ಶಿಪ್‌ಗಾಗಿ ನಾನು ಹನ್ನೊಂದು ಕಡೆ ಪತ್ರ ಬರೆದೆ. ಒಂಬತ್ತು ಕಡೆಯಿಂದ ಉತ್ತರವೇ ಇಲ್ಲ. ಒಂದು ಕಡೆ ಬೆಂಗಳೂರಿನಲ್ಲಿ ಉಳಿಯುವ ವ್ಯವಸ್ಥೆ ಇದೆಯೇ ಎಂದು ಕೇಳಿ ಸುಮ್ಮನಾದರು. ಹನ್ನೊಂದನೆಯವರು ಕೇಳಿದ್ದು ಒಂದೇ ಪ್ರಶ್ನೆ: 'ನೀವಾಗಿ ಏನಾದರೂ ಕಟ್ಟಿದ್ದೀರಾ?' ಮಾಳಿಗೆ ಮೇಲಿನ ಆಂಟೆನಾ ಫೋಟೊ, ಆ ಮಸುಕು ಮೋಡದ ಚಿತ್ರ, ಅದರಲ್ಲಿ ನಾನು ಮಾಡಿದ ತಪ್ಪುಗಳ ಪಟ್ಟಿ ಕಳಿಸಿದೆ. ಮುಂದಿನ ರಜೆಗೆ ಆರು ವಾರ ಬನ್ನಿ ಎಂದಿದ್ದಾರೆ. ಸಂಬಳ ಕಡಿಮೆ, ಬಾಡಿಗೆ ಹೆಚ್ಚು. ಆದರೂ ಹೋಗುತ್ತೇನೆ.

ನಾನು ಕೇಳಿದ್ದ ನೋವಾ-19 ಉಪಗ್ರಹವನ್ನು 2025ರ ಆಗಸ್ಟ್‌ನಲ್ಲಿ ನಿಲ್ಲಿಸಿದರು. ಈಗ ಆ ಕಂಪನಾಂಕಕ್ಕೆ ತಿರುಗಿಸಿದರೆ ಬರೀ ಗೊರಗೊರ ಸದ್ದು. ಆಂಟೆನಾ ಮಾತ್ರ ಮಾಳಿಗೆ ಮೇಲೆ ಹಾಗೇ ಇದೆ, ಅವ್ವ ಒಂದು ಕಡ್ಡಿಗೆ ಬಟ್ಟೆ ಒಣಹಾಕುತ್ತಾಳೆ. ಬೇರೆ ಬೇರೆ ಕಾಲೇಜಿನ ಆರು ಜನ ಸೇರಿ ಈಗ ಒಂದು ಗುಂಪು ಮಾಡಿಕೊಂಡಿದ್ದೇವೆ. ಒಬ್ಬ ಕೃಷಿ ವಿದ್ಯಾರ್ಥಿ, ಒಬ್ಬಳು ಕಾನೂನು ಓದುವವಳು. ಪ್ರತಿ ರವಿವಾರ ನಮ್ಮ ಮಾಳಿಗೆಯೇ ನಮ್ಮ ಲ್ಯಾಬ್. ಪೊಯೆಮ್‌ನಂಥ ವೇದಿಕೆಗೆ ಅರ್ಜಿ ಹಾಕುವಂಥ ಒಂದು ಒಳ್ಳೆಯ ಪ್ರಶ್ನೆ ಹುಡುಕುತ್ತಿದ್ದೇವೆ.

ಮೊನ್ನೆ ಅಪ್ಪ ಚಹಾ ತಗೊಂಡು ಮೇಲೆ ಬಂದವರು ನಮ್ಮ ಚರ್ಚೆಯನ್ನು ಸ್ವಲ್ಪ ಹೊತ್ತು ನಿಂತು ಕೇಳಿದರು. ಆಮೇಲೆ ಅಂದರು, 'ನೀವು ಮಾಡೂದು ಮಾಡ್ರಿ. ಆದ್ರ ಅದು ಯಾರ್ಡಿನ್ಯಾಗಿನ ಮೆಣಸಿನಕಾಯಿಗೆ ಮಳಿ ಹೊಡೀತೈತೋ ಇಲ್ಲೋ ಅಂತ ಹೇಳೂ ಹಂಗ ಇರಲಿ.'

ನಮ್ಮ ಗುಂಪಿನ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಈಗ ಅದನ್ನೇ ಬರೆದುಕೊಂಡಿದ್ದೇವೆ.